ಅಜ್ಜನ ಫಿಯೆಟ್, ಮಾವನ ಮೈಕ್ರೊಮೀಟರ್

"ಸ್ಟಾರ್ಟ್ ಮಾಡಿ ನೋಡಿದ್ಯಾ?"

"ಇನ್ನೂ ಇಲ್ಲ ಮಾವ. ಹೊಸ ಬ್ಯಾಟರಿ ತಂದಿದೀನಿ. ಸಂಜೆ ಒಂದ್ಸಲ ಕೀ ತಿರುಗಿಸಿ ನೋಡೋಣ ಅಂತ."

"ಬ್ಯಾಟರಿ ಡಬ್ಬದಲ್ಲೇ ಇರಲಿ. ಕೀ ಇಲ್ಲಿ ಕೊಡು."

ಮೈಸೂರಿನ ಒಂದು ಮನೆಯ ಹಿತ್ತಿಲ ಶೆಡ್ಡು. ಮಾವ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಅದೇ ಶೆಡ್ಡಿನಲ್ಲಿ ತಮ್ಮ ಫಿಯೆಟ್ಟಿನ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಈಗಲೂ ಭಾನುವಾರ ಅದರಲ್ಲೇ ಮಾರುಕಟ್ಟೆಗೆ ಹೋಗುತ್ತಾರೆ. ಅಳಿಯನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅವನ ತಂದೆಯ ಕಡೆಯ ಅಜ್ಜನ 1968ರ ಫಿಯೆಟ್ 1100 ಡಿಲೈಟ್ ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಯೊಂದರ ಕೊಟ್ಟಿಗೆಯಲ್ಲಿ ದಶಕಗಳ ಕಾಲ ನಿಂತಿತ್ತು. ಈಗ ಲಾರಿ ಏರಿ ಬಂದು ಮಾವನ ಅಂಗಳದಲ್ಲಿ ಇಳಿದಿದೆ. ನಾಲ್ಕೂ ಟೈರಿನಲ್ಲಿ ಗಾಳಿ ಇಲ್ಲ. ಡಿಕ್ಕಿಯಲ್ಲಿ ಇಲಿ ಗೂಡು.

"ಯಾಕೆ ಮಾವ, ಒಂದ್ಸಲ ತಿರುಗಿಸಿದ್ರೆ ಏನಾಗುತ್ತೆ?"

"ಅಷ್ಟು ಮಳೆಗಾಲ ಕಂಡ ಎಂಜಿನ್ ಅದು. ಒಂದೆರಡು ವಾಲ್ವ್ ತೆರೆದೇ ನಿಂತಿರುತ್ತೆ, ಆ ಸಿಲಿಂಡರ್ ಒಳಕ್ಕೆ ತೇವದ ಗಾಳಿ ಸಲೀಸಾಗಿ ಹೋಗುತ್ತೆ. ಪಿಸ್ಟನ್ ರಿಂಗು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡಿರುತ್ತೆ. ನೀನು ಸ್ಟಾರ್ಟರ್ ಮೋಟರಿನ ಬಲ ಹಾಕಿ ಎಳೆದರೆ ರಿಂಗು ಮುರಿಯುತ್ತೆ, ಚೂರು ಗೋಡೆ ಗೀರುತ್ತೆ. ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿದ್ದರೆ ಪುಶ್‌ರಾಡು ಬಗ್ಗುತ್ತೆ. ನೂರು ರೂಪಾಯಿ ಡೀಸೆಲ್‌ನಲ್ಲಿ ಮುಗಿಯೋ ಕೆಲಸಕ್ಕೆ ಬ್ಲಾಕೇ ಹೋಗುತ್ತೆ."

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ತೂತಿನೊಳಕ್ಕೆ ಡೀಸೆಲ್ಲನ್ನೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೂ ಬೆರೆಸಿ ಸುರಿಯುವುದು, ಅದು ರಿಂಗಿನ ಸಂದಿಗೆ ಇಳಿಯುವವರೆಗೆ ಕಾಯುವುದು, ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಅಲ್ಲಾಡಿಸುವುದು: ಮಾವನ ಕ್ರಮ ಇದು. ಎಷ್ಟು ದಿನ ಕಾಯಬೇಕು ಎಂದು ಅಳಿಯ ಕೇಳಿದ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ.

ಬಿಚ್ಚಿದ ಪ್ಲಗ್ಗಿನ ಪಿಂಗಾಣಿಯ ಮೇಲೆ ಮೈಕೋ ಎಂಬ ಹೆಸರು ಮಾಸದೆ ಉಳಿದಿತ್ತು. 1951ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ಬೆಳೆದ ಕಂಪನಿ. ಆಡುಗೋಡಿಯ ಬಸ್ ಕಂಡಕ್ಟರುಗಳ ಬಾಯಲ್ಲಿ ಅದು ಎಷ್ಟೋ ವರ್ಷ ಒಂದು ಸ್ಟಾಪಿನ ಹೆಸರೂ ಆಗಿತ್ತು. ಮಾವ ಆ ಪ್ಲಗ್ಗನ್ನು ಒರೆಸಿ ಬೇರೆಯೇ ಡಬ್ಬಿಗೆ ಹಾಕಿದರು.

"ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲೆ ನಿನ್ನ ಬ್ಯಾಟರಿಗೆ ಕೆಲಸ. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ ಒಂದೊಂದು ಸಿಲಿಂಡರೂ ಎಷ್ಟು ಒತ್ತಡ ಕಟ್ಟುತ್ತೆ ಬರ್ಕೋ. ಕಡಿಮೆ ಬಂದ ಕಡೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡು. ಮುಳ್ಳು ಮೇಲೇರಿದರೆ ರಿಂಗು, ಸಿಲಿಂಡರ್ ಸವೆದಿದೆ ಅಂತ. ಅಲ್ಲಾಡದಿದ್ದರೆ ತೊಂದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಸೊರಗಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತೆ. ಬಿಚ್ಚೋಕೆ ಮುಂಚೇನೇ ಅರ್ಧ ಕಥೆ ಗೊತ್ತಾಗುತ್ತೆ."

ಅಳಿಯ ಅಷ್ಟರಲ್ಲಿ ಫೋನು ಹೊರತೆಗೆದಿದ್ದ. ಅವನಿಗೆ ಇನ್ನೊಂದು ಯೋಚನೆ ಇತ್ತು.

"ಮಾವ, ಇಟಲಿಯಲ್ಲಿ 1100 ಡಿ ಕಾರಿನ ಹೊಸ ಪಿಸ್ಟನ್ ಸೆಟ್ ಸಿಗ್ತಿದೆ. ಇದೂ ಅದೇ ಮಾಡೆಲ್ ತಾನೆ? ತರಿಸಿಬಿಡ್ಲಾ?"

"ಸಿಲಿಂಡರಿನ ಬೋರ್ ಎಷ್ಟು ಅಂತ ಬರೆದಿದಾರೆ?"

"ಎಪ್ಪತ್ತೆರಡು ಮಿಲಿಮೀಟರ್."

"ನಮ್ಮದು ಅರವತ್ತೆಂಟು. ಕಪಾಟಿನ ಮೇಲೆ ಆ್ಯಶ್‌ಟ್ರೇ ಮಾಡಿ ಇಟ್ಕೋಬಹುದು, ತರಿಸು."

ಈ ನಾಲ್ಕು ಮಿಲಿಮೀಟರಿನ ಹಿಂದೆ ಸಣ್ಣ ಇತಿಹಾಸವಿದೆ. ಫಿಯೆಟ್ 1100ರ ಈ ಪೀಳಿಗೆ ಇಟಲಿಯಲ್ಲಿ 1953ರಲ್ಲಿ ಬಂತು. ಅಲ್ಲಿಯವರಿಗೆ ಅದು ‘ಮಿಲ್ಲೆಚೆಂತೊ’. 1962ರಲ್ಲಿ ಬಂದ 1100 ಡಿ ಮಾದರಿಗೆ ಇಟಲಿಯಲ್ಲಿ 1221 ಸಿಸಿ ಎಂಜಿನ್ ಕೂರಿಸಿದರು. ಅದೇ ಮೈಕಟ್ಟಿನ ಕಾರನ್ನು ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ಡಿಲೈಟ್ ಎಂಬ ಹೆಸರಲ್ಲಿ ಕುರ್ಲಾದ ಕಾರ್ಖಾನೆಯಿಂದ ಹೊರತಂದಾಗ ಒಳಗೆ ಉಳಿಸಿಕೊಂಡದ್ದು 1089 ಸಿಸಿಯ ಎಂಜಿನ್ನನ್ನೇ: 68 ಮಿಮೀ ಬೋರ್, 75 ಮಿಮೀ ಸ್ಟ್ರೋಕ್. ಡಿಲೈಟ್ ಮುಂದೆ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿಯಾಯಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಆ ಪದ್ಮಿನಿ ರಸ್ತೆಯಿಂದ ಪೂರ್ತಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಹೆಸರುಗಳು ಬದಲಾದರೂ ಎಂಜಿನ್ನಿನ ಮೂಲ ಅಳತೆ ಬದಲಾಗಲಿಲ್ಲ. 1968ರ ಡಿಲೈಟ್ ಕಟ್ಟುವವನು ಇಟಲಿಯ ಕಡೆ ನೋಡುವ ಮೊದಲು ಪದ್ಮಿನಿಯ ಬಿಡಿಭಾಗ ಇಟ್ಟುಕೊಂಡಿರುವ ಹಳೇ ಅಂಗಡಿಗಳನ್ನು ಹುಡುಕುವುದು ಅದಕ್ಕೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಮಾಲೀಕರಲ್ಲಿ ಹಿರಿಯರು ಯಾರು ಎಂದು ಈ ಹುಚ್ಚಿನವರಿಗೆ ಗೊತ್ತಿರುತ್ತದೆ.

ಪ್ರೀಮಿಯರ್ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಕನ್ನಡ ನಾಡಿಗೂ ಹೊರಗಿನವರಲ್ಲ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಬರೆದು ಪಟ್ಟುಹಿಡಿದವರು ವಿಶ್ವೇಶ್ವರಯ್ಯ. ಅದರ ಬೆನ್ನಿಗೆ ನಿಂತ ಉದ್ಯಮಿ ವಾಲ್‌ಚಂದ್. ಕಾರಿಗೆ ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗಲಿಲ್ಲ. ಯುದ್ಧದ ಹೊತ್ತಿನಲ್ಲಿ ವಿಮಾನಕ್ಕೆ ಸಿಕ್ಕಿತು. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತೆರೆಯಿತು. ಪ್ರೀಮಿಯರ್ ಬಂದದ್ದು 1944ರಲ್ಲಿ.

"ಹಾಗಾದ್ರೆ ಪಿಸ್ಟನ್ ಹುಡುಕೋ ತಲೆನೋವೇ ಬೇಡ ಮಾವ," ಎಂದ ಅಳಿಯ. "ಇವತ್ತಿನ ಯಾವುದಾದ್ರೂ ಸಣ್ಣ ಕಾರಿನ ಎಂಜಿನ್, ಗೇರ್‌ಬಾಕ್ಸ್ ಗುಜರಿಯಲ್ಲಿ ಸಿಗುತ್ತೆ. ಅದನ್ನ ಕೂರಿಸಿಬಿಟ್ರೆ ಮೇಲೆ ಅಜ್ಜನ ಕಾರು, ಕೆಳಗೆ ಹೊಸ ಎಂಜಿನ್. ಎ.ಸಿ.ನೂ ಹಾಕಿಸಬಹುದು."

"ಎಂಬತ್ತರ ದಶಕದಲ್ಲಿ ಎಲ್ಲರೂ ಅದನ್ನೇ ಮಾಡಿದ್ರು. ಅಂಬಾಸಡರ್ ಹೊಟ್ಟೆಗೆ ಮಟಡೋರ್ ಡೀಸೆಲ್ ಎಂಜಿನ್. ಪೆಟ್ರೋಲ್ ದುಡ್ಡು ಉಳೀತು. ಈಗ ಅಂಥ ಗಾಡಿ ತಂದು ಮೂಲ ಎಂಜಿನ್ ಎಲ್ಲಿ ಅಂತ ಹುಡುಕ್ತಾ ಇದಾರೆ. ನಿನ್ನ ಆಸೆಗೆ ಇನ್ನೊಂದು ಅಡ್ಡಿ ಇದೆ. 2021ರ ನಿಯಮ ಓದಿದೀಯಾ?"

ಅಳಿಯ ಓದಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಗಾಡಿಗಳನ್ನು ವಿಂಟೇಜ್ ಎಂದು ಗುರುತಿಸಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಹೊಸ ನಂಬರಾದರೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಷರತ್ತು ಇದೆ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸುವಂಥ ದೊಡ್ಡ ಮಾರ್ಪಾಡು ಆಗಿರಬಾರದು. ಓಡಿಸುವುದು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ. ದಿನಾ ಆಫೀಸಿಗೆ ಹೋಗುವಂತಿಲ್ಲ.

"ಅಂದ್ರೆ ಎಂಜಿನ್ ಬದಲಾಯಿಸಿದ್ರೆ ವಿಂಟೇಜ್ ಅಲ್ಲ, ವಿಂಟೇಜ್ ಮಾಡಿಸಿದ್ರೆ ಓಡಿಸೋ ಹಾಗಿಲ್ಲ!"

"ನಿನ್ನ ಅಜ್ಜನ ಆರ್.ಸಿ. ಜೀವಂತ ಇದೆಯಾ ನೋಡ್ಕೋ ಮೊದಲು. ಎಂವೈ ನಂಬರಿನ ಪ್ಲೇಟು ಹಾಗೇ ಇದೆ, ಅದೃಷ್ಟ. ಅದನ್ನ ಮಾತ್ರ ಕಳ್ಕೋಬೇಡ."

ಮನೆಯಲ್ಲೇ ಎಂಜಿನ್ ಕಟ್ಟಿದೆ ಎಂದು ಹೇಳಿಕೊಳ್ಳುವವರ ಮಾತು ಅರ್ಧ ಮಾತ್ರ ನಿಜ ಎನ್ನುವುದು ಮಾವನ ಅಭಿಪ್ರಾಯ. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಕೊನೆಗೆ ಜೋಡಿಸುವುದು ಮನೆಯಲ್ಲಿ. ಬೋರ್ ಕೊರೆಯುವುದು, ಕ್ರ್ಯಾಂಕ್ ಗ್ರೈಂಡ್ ಮಾಡುವುದು, ಹೆಡ್ಡಿನ ಮುಖ ಸಮ ಮಾಡುವುದು ಮಷೀನ್ ಶಾಪಿನಲ್ಲಿ. ಆ ಯಂತ್ರಗಳು ಯಾರ ಹಿತ್ತಿಲಲ್ಲೂ ಇರುವುದಿಲ್ಲ. ಹಾಗಿದ್ದರೆ ಗ್ಯಾರೇಜಿಗೇ ಪೂರ್ತಿ ಒಪ್ಪಿಸಬಾರದೇಕೆ ಎಂದು ಅಳಿಯ ಕೇಳಿದ. ಒಪ್ಪಿಸಬಹುದು. ಆಗ ಎಷ್ಟು ಕೊರೆಯಬೇಕು ಎನ್ನುವುದನ್ನು ನಿನ್ನ ಪರವಾಗಿ ಇನ್ನೊಬ್ಬ ತೀರ್ಮಾನಿಸುತ್ತಾನೆ, ಅಷ್ಟೇ ವ್ಯತ್ಯಾಸ, ಎಂದರು ಮಾವ.

ಬಿಚ್ಚುವಾಗ ಅವರು ಆತುರ ಮಾಡಿದವರಲ್ಲ. ಫಿಯೆಟ್ಟಿನ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಂ. ಬಿಸಿಯಿರುವಾಗ ಬೋಲ್ಟ್ ಸಡಿಲಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ. ಪೂರ್ತಿ ತಣ್ಣಗಿರುವಾಗ, ಅಂಚಿನಿಂದ ನಡುವಿನ ಕಡೆಗೆ, ಪ್ರತಿ ಬೋಲ್ಟನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಕ್ರ್ಯಾಂಕನ್ನು ಹಿಡಿದಿರುವುದು ಮೂರು ಮೇನ್ ಬೇರಿಂಗುಗಳು. ಅವುಗಳ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದಿಟ್ಟೇ ಕಾರ್ಖಾನೆಯಲ್ಲಿ ಒಟ್ಟಿಗೆ ಕೊರೆದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಬಂದರೆ, ಅಥವಾ ಹಿಂದುಮುಂದಾದರೆ, ಕ್ರ್ಯಾಂಕ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಪಂಚಿನಿಂದ ಗುರುತು, ಫೋಟೊ, ಚೀಟಿ ಅಂಟಿಸಿದ ಪ್ಲಾಸ್ಟಿಕ್ ಚೀಲ. ಪುಶ್‌ರಾಡುಗಳಿಗೆ ಹಳೇ ರಟ್ಟಿನ ಡಬ್ಬಕ್ಕೆ ಎಂಟು ತೂತು ಹೊಡೆದು ನಂಬರು ಬರೆದಿಡುವುದು ಸಾಕು.

ಇನ್ನು ಅಳತೆ. ಇಲ್ಲಿ ಮಾವನ ದನಿಯೇ ಬೇರೆಯಾಯಿತು.

"ಸಿಲಿಂಡರ್ ಸಮವಾಗಿ ಸವೆಯೋಲ್ಲ. ಮೇಲಿನ ರಿಂಗು ಎಲ್ಲಿ ನಿಂತು ಹಿಂತಿರುಗುತ್ತೋ ಅಲ್ಲಿ ಜಾಸ್ತಿ ಸವೆಯುತ್ತೆ. ಅಲ್ಲಿ ಬಿಸಿ ಜಾಸ್ತಿ, ಎಣ್ಣೆ ಕಡಿಮೆ. ಅದರ ಮೇಲೆ ಸವೆಯದ ಜಾಗ ಅಂಚಾಗಿ ಉಳಿಯುತ್ತೆ, ಉಗುರಿಗೆ ಸಿಗುತ್ತೆ. ಜೊತೆಗೆ ಪಿಸ್ಟನ್ ಪಕ್ಕಕ್ಕೆ ಒತ್ತೋದ್ರಿಂದ ದುಂಡಗಿರೋದು ಮೊಟ್ಟೆಯಾಕಾರ ಆಗಿರುತ್ತೆ. ಅದಕ್ಕೇ ಒಂದೊಂದು ಸಿಲಿಂಡರಿಗೂ ಮೂರು ಎತ್ತರ, ಎರಡು ದಿಕ್ಕು. ನಾಲ್ಕು ಸಿಲಿಂಡರಿಗೆ ಇಪ್ಪತ್ನಾಲ್ಕು ಅಳತೆ, ಪುಸ್ತಕದಲ್ಲಿ."

"ಎಷ್ಟು ಸವೆದಿದ್ರೆ ಕೊರೀಬೇಕು?"

"ನೂರನೇ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ನಾಲ್ಕೈದು ಬಂದ್ರೆ ಹೋನ್ ಮಾಡಿ, ಅಂದ್ರೆ ಗೋಡೆ ಸ್ವಲ್ಪ ಉಜ್ಜಿ, ಹೊಸ ರಿಂಗು ಹಾಕು, ಸಾಕು. ಹದಿನೈದರ ಹತ್ತಿರ ಹೋದ್ರೆ ಕೊರೆಯದೆ ಗತಿಯಿಲ್ಲ. ಇದು ಗ್ಯಾರೇಜಿನ ಅಂದಾಜು. ಕೊನೆಯ ಮಾತು ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ದು. ಕೊರೆಸೋದೇ ಆದ್ರೂ ಮೊದಲು ಪಿಸ್ಟನ್ ಕೈಗೆ ಬರಬೇಕು. ಅದನ್ನ ಅಳೆದು ಅದಕ್ಕೆ ಸರಿಯಾಗಿ ಬೋರ್ ಕೊರೀತಾರೆ. ಮೊದಲೇ ಕೊರೆಸಿ ಆಮೇಲೆ ಪಿಸ್ಟನ್ ಹುಡುಕೋಕೆ ಹೋದವರ ಬ್ಲಾಕುಗಳು ಎಷ್ಟೋ ಗುಜರಿಯಲ್ಲಿವೆ."

ಅಳಿಯನಿಗೆ ಈಗ ಒಂದು ವಿರೋಧಾಭಾಸ ಕಂಡಿತು. ಅವನ ಕಣ್ಣಲ್ಲಿದ್ದದ್ದು ಧರ್ಮಸ್ಥಳದ ಸಂಗ್ರಹದಲ್ಲಿ ನೋಡಿದ ಥಳಥಳಿಸುವ ಕಾರುಗಳು. ಅಜ್ಜನ ಕಾರಿನ ಮಾಸಿದ ಬೂದು ಬಣ್ಣ ಕೆರೆಸಿ, ಪುಟ್ಟಿ ಹಚ್ಚಿಸಿ, ಹೊಸದಾಗಿ ಹೊಡೆಸಬೇಕೆಂದಿದ್ದ. ಮಾವ ಬಣ್ಣ ಮುಟ್ಟಬೇಡ ಎಂದಿದ್ದರು.

"ನೀವೇ ಎಂಜಿನ್ ಪೂರ್ತಿ ಬಿಚ್ಚು, ಬೇರಿಂಗು, ರಿಂಗು ಎಲ್ಲ ಹೊಸದು ಹಾಕು ಅಂತೀರಿ. ಬಣ್ಣಕ್ಕೆ ಮಾತ್ರ ಕೈ ಹಾಕ್ಬೇಡ ಅಂತೀರಿ. ಇದ್ಯಾವ ನ್ಯಾಯ?"

"ರಿಂಗು, ಬೇರಿಂಗು ಸವೆಯಲಿ ಅಂತಲೇ ಮಾಡಿರೋದು. ಅವು ಸವೆದು ಕ್ರ್ಯಾಂಕನ್ನ ಉಳಿಸ್ತವೆ. ಅವನ್ನ ಬದಲಾಯಿಸಿದ್ರೆ ಕಾರಿನದೇನೂ ಹೋಗೋಲ್ಲ. ಬಣ್ಣ ಹಾಗಲ್ಲ. ಕುರ್ಲಾದಲ್ಲಿ ಹೊಡೆದ ಬಣ್ಣ ಕೆರೆದು ಹಾಕಿದ ಮೇಲೆ ಯಾವ ಅಂಗಡಿಯಲ್ಲಿ ಕೊಂಡು ತರ್ತೀಯ? ಬಾಗಿಲ ಹತ್ತಿರ ನಿಮ್ಮ ಅಜ್ಜನ ಮೊಣಕೈ ಸವೆಸಿರೋ ಜಾಗ ಇದೆ ನೋಡು."

ಈ ವಾದ ಮಾವನೊಬ್ಬರದಲ್ಲ. ಹಳೆಯ ಗಾಡಿಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟ್ಯೂರಿನ್ ಸನ್ನದು, ಕಟ್ಟಡಗಳಿಗಾಗಿ 1964ರಲ್ಲಿ ಬಂದ ವೆನಿಸ್ ಸನ್ನದಿನ ಜಾಡು ಹಿಡಿದು, ಹೊಸದಾಗಿಸುವುದಕ್ಕಿಂತ ಇರುವುದನ್ನು ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಮಾರುಕಟ್ಟೆಯೂ ಆ ಕಡೆ ತಿರುಗಿದೆ. ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮಾಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಬಿದ್ದಿದ್ದ 1925ರ ಬುಗಾಟಿಯೊಂದನ್ನು 2009ರಲ್ಲಿ ಮೇಲೆತ್ತಿದರು. ಅರ್ಧ ಕೊಳೆತು ಹೋಗಿದ್ದ ಆ ಲೋಹದ ರಾಶಿ 2010ರ ಪ್ಯಾರಿಸ್ ಹರಾಜಿನಲ್ಲಿ 2,60,500 ಯೂರೋಗೆ ಹೋಯಿತು. ಕೊಂಡವರು ಅದನ್ನು ರಿಪೇರಿ ಮಾಡಲಿಲ್ಲ, ಹಾಗೆಯೇ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದರು. ಅಮೆರಿಕದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ ಎಷ್ಟೋ ದಶಕ ಕನ್ನಡಿ ಹೊಳಪಿನ ಕಾರುಗಳದ್ದೇ ಗೆಲುವು. 2024ರಲ್ಲಿ ಮೊದಲ ಬಾರಿಗೆ, ಪುನರುಜ್ಜೀವನದ ಹೊಳಪಿಲ್ಲದ, ಹಳೇ ಬಣ್ಣ ಬಿರುಕು ಬಿಟ್ಟಿದ್ದ 1934ರ ಬುಗಾಟಿ ಟೈಪ್ 59 ಅಲ್ಲಿ ಸರ್ವಶ್ರೇಷ್ಠ ಬಹುಮಾನ ಹೊಡೆಯಿತು.

"ಅದು ಬುಗಾಟಿ ಮಾವ. ಇದು ಫಿಯೆಟ್. ತುಕ್ಕು ಹಿಡಿದ ಫಿಯೆಟ್ಟನ್ನ ರಸ್ತೆ ಮೇಲೆ ನೋಡಿದವರು ಪಾಪ, ದುಡ್ಡಿಲ್ಲ ಅಂದ್ಕೋತಾರೆ."

ಅಳಿಯನ ಮಾತಿನಲ್ಲೂ ಹುರುಳಿದೆ. ಸರೋವರದ ಬುಗಾಟಿ ಓಡಬೇಕಾಗಿಲ್ಲ. ಇದು ಓಡಬೇಕು. ಜೊತೆಗೆ ಫಿಯೆಟ್ 1100ಕ್ಕೆ ಬೇರೆ ಚಾಸಿ ಇಲ್ಲ. ನೆಲ, ಬಾಗಿಲಡಿಯ ಪಟ್ಟಿ, ಕಂಬ ಎಲ್ಲ ಸೇರಿ ಒಂದೇ ಗೂಡು, ಭಾರ ಹೊರುವುದೇ ಅದು. ಅಲ್ಲಿ ತುಕ್ಕು ತಿಂದಿದ್ದರೆ ಹಳತನದ ಗೌರವ ಎಂದು ಬಿಡುವಂತಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಮಾವ ಕಾರಿನ ಕೆಳಗೆ ತೆವಳಿದರು. ಎಡಗಡೆ ಬಾಗಿಲಡಿಯಲ್ಲಿ ದನಿ ಬದಲಾಯಿತು. ಅಷ್ಟು ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು, ಆ ಜಾಗಕ್ಕೆ ಮಾತ್ರ ಬಣ್ಣ. ಉಳಿದದ್ದು ಹಾಗೇ ಇರಲಿ ಎಂದು ಒಪ್ಪಂದವಾಯಿತು. ಒಪ್ಪಂದ ಎಂದರೆ ಅಳಿಯ ಸುಮ್ಮನಾದ.

"ಒಂದು ಕೇಳ್ಲಾ? ಬೋರ್ ಒಂದ್ಸಲ ಕೊರೆದ್ರೆ ಅದೂ ವಾಪಸ್ ಬರೋಲ್ಲವಲ್ಲ?"

"ಈಗ ಸರಿಯಾಗಿ ಕೇಳ್ದೆ. ಬರೋಲ್ಲ. ಅದಕ್ಕೇ ಇಪ್ಪತ್ನಾಲ್ಕು ಅಳತೆ. ಸಾಧ್ಯವಾದಷ್ಟು ಚಿಕ್ಕ ಓವರ್‌ಸೈಜಿಗೆ ಕೊರೆಸು, ನಿನ್ನ ಮಕ್ಕಳಿಗೂ ಒಂದೆರಡು ಸಲಕ್ಕೆ ಲೋಹ ಉಳೀಲಿ. ಪೂರ್ತಿ ತೆಳ್ಳಗಾದ ಮೇಲೂ ಸ್ಲೀವ್ ಹಾಕಿಸೋ ದಾರಿ ಇದೆ, ಖರ್ಚು ಜಾಸ್ತಿ."

ವಾಲ್ವಿನ ಕೆಲಸ ಅಳಿಯನಿಗೆ ಹಿಡಿಸಿತು. ವಾಲ್ವ್ ಕೂರುವ ಸೀಟಿಗೆ ಉಜ್ಜುವ ಪೇಸ್ಟ್ ಸವರಿ, ವಾಲ್ವಿನ ಮುಖಕ್ಕೆ ರಬ್ಬರ್ ಬಟ್ಟಲಿನ ಕೋಲು ಕಚ್ಚಿಸಿ, ಎರಡೂ ಅಂಗೈ ನಡುವೆ ಕಡೆಗೋಲಿನಂತೆ ಅತ್ತಿತ್ತ ಹೊಸೆಯಬೇಕು. ಸುತ್ತಲೂ ಒಂದೇ ಅಗಲದ ಮಾಸಲು ಪಟ್ಟಿ ಮೂಡಿದರೆ ವಾಲ್ವ್ ಕೂತಿದೆ ಎಂದರ್ಥ. ಅಲ್ಲಿಂದ ಮಾತು ಪೆಟ್ರೋಲಿಗೆ ಹೊರಳಿತು. ಈ ಕಾರು ತಯಾರಾದಾಗ ಪೆಟ್ರೋಲಿನಲ್ಲಿ ಸೀಸ ಇತ್ತು; ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯದಂತೆ ಅದು ತೆಳುಪದರ ಕಟ್ಟುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹೆಡ್ಡು ಹೇಗೂ ಬಿಚ್ಚಿರುವಾಗ ಗಟ್ಟಿ ಉಕ್ಕಿನ ಸೀಟು ಕೂರಿಸಿಬಿಡುವುದು ಜಾಣತನ.

"ಅದಕ್ಕಿಂತ ದೊಡ್ಡ ಕಾಟ ಈಗಿನ ಇ20," ಎಂದರು ಮಾವ. "ಶುರುವಾಗಿದ್ದು ನಿಮ್ಮ ಬೆಂಗಳೂರಲ್ಲೇ, 2023ರ ಫೆಬ್ರುವರಿಯಲ್ಲಿ. ನೂರಕ್ಕೆ ಇಪ್ಪತ್ತು ಎಥೆನಾಲ್. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಅದಕ್ಕೆ ತಡೆಯೋಲ್ಲ, ಉಬ್ಬಿ ಬಿರುಕು ಬಿಡ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದ್ರೆ ಏನು ಅಂತ ಹೇಳ್ಬೇಕಾಗಿಲ್ಲ. ಎಥೆನಾಲ್ ತಡೆಯೋ ಪೈಪೇ ಹಾಕ್ಬೇಕು. ಆಮೇಲೆ ಅದು ಗಾಳಿಯ ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ್ರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ."

"ಕಾರ್ಬುರೇಟರಿಗೆ?"

"ಎಥೆನಾಲ್‌ಗೆ ಶಕ್ತಿ ಕಡಿಮೆ, ಅದರೊಳಗೇ ಆಮ್ಲಜನಕವೂ ಇದೆ. ಅದೇ ಜೆಟ್ಟಿನಲ್ಲಿ ಓಡಿಸಿದ್ರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿ ಏರುತ್ತೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ನೋಡ್ತಾ ಹೋಗು."

ಟ್ಯಾಂಕಿನ ತುಕ್ಕಿಗೆ ಮಾವನ ಮನೆಮದ್ದು ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರ್. ಸೋಡಾ ನೀರು ತುಂಬಿ, ಟ್ಯಾಂಕಿಗೆ ಚಾರ್ಜರಿನ ಋಣ ತಂತಿ, ಟ್ಯಾಂಕಿಗೆ ತಾಗದಂತೆ ಒಳಗೆ ಇಳಿಬಿಟ್ಟ ಕಬ್ಬಿಣದ ಸಲಾಕೆಗೆ ಧನ ತಂತಿ. ಸ್ಟೇನ್‌ಲೆಸ್ ಸ್ಟೀಲ್ ಸಲಾಕೆ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೊರಡುವುದು ಹೈಡ್ರೋಜನ್ ಅನಿಲ. ಬಯಲಲ್ಲೇ ಮಾಡಬೇಕು, ಬೀಡಿ-ಸಿಗರೇಟು ದೂರ. ಇದಕ್ಕೂ ಮುನ್ನ ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆಯೂ ಇರದಂತೆ ತೊಳೆದಿರಬೇಕು. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಬೇಡ, ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸು ಎಂದೂ ಹೇಳಿದರು. ಗ್ಯಾರೇಜುಗಳಲ್ಲಿ ಈ ಎಚ್ಚರಿಕೆ ಪಾಲಿಸುವವರು ಕಡಿಮೆ.

"ಎಲ್ಲ ಮಷೀನ್ ಶಾಪಿಂದ ವಾಪಸ್ ಬಂತು ಅನ್ಕೊಳ್ಳಿ. ಆಮೇಲೆ ಜೋಡಿಸೋದು ಒಂದು ದಿನದ ಕೆಲಸ ಅಲ್ವಾ?"

"ತೊಳೆಯೋಕೇ ಒಂದು ದಿನ ಬೇಕು. ಹೋನ್ ಮಾಡಿದ ಪುಡಿ ಗೋಡೆಯ ಗೀರುಗಳಲ್ಲಿ ಕೂತಿರುತ್ತೆ. ಸೋಪು, ಬಿಸಿನೀರು, ಬ್ರಷ್ಷು; ಬಿಳಿ ಬಟ್ಟೆಗೆ ಕಪ್ಪು ಹತ್ತದೆ ಇರೋವರೆಗೂ ಉಜ್ಜು, ತಕ್ಷಣ ಎಣ್ಣೆ ಸವರು. ಕ್ರ್ಯಾಂಕಿನ ಎಣ್ಣೆ ದಾರಿಗಳಿಗೆ ಸಣ್ಣ ಬ್ರಷ್ ತೂರಿಸು. ಆಮೇಲೆ ಪ್ರತಿ ರಿಂಗನ್ನೂ ಸಿಲಿಂಡರಿಗೆ ಇಳಿಸಿ ತುದಿಗಳ ಸಂದಿ ಫೀಲರ್ ಗೇಜಿನಲ್ಲಿ ನೋಡ್ಬೇಕು. ಈ ಬೋರಿಗೆ 0.20ರಿಂದ 0.28 ಮಿಲಿಮೀಟರ್ ಆಸುಪಾಸು ಇರಲಿ. ಸಂದಿಯೇ ಇಲ್ಲದಿದ್ರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ ರಿಂಗು ಮುರಿಯುತ್ತೆ."

ಹೆಡ್ಡು ಬಿಗಿಯುವಾಗ ಬಿಚ್ಚಿದ್ದರ ತಿರುಗುಮುರುಗು: ನಡುವಿನಿಂದ ಅಂಚಿಗೆ, ಟಾರ್ಕ್ ರೆಂಚಿನಲ್ಲಿ, ಹಂತಹಂತವಾಗಿ. ಎಂಜಿನ್ ಕೂತ ಮೇಲೂ ಪ್ಲಗ್ ಹಾಕುವಂತಿಲ್ಲ. ಪ್ಲಗ್ಗಿಲ್ಲದೆ ಸ್ಟಾರ್ಟರಿನಿಂದ ತಿರುಗಿಸುತ್ತಾ ಆಯಿಲ್ ಒತ್ತಡ ಏರಿದ್ದು ಕಣ್ಣಾರೆ ಕಂಡ ಮೇಲಷ್ಟೇ ಪ್ಲಗ್ಗು, ಪೆಟ್ರೋಲು. ಮೊದಲ ಐನೂರು ಕಿಲೋಮೀಟರ್ ಜೋರು ಓಡಿಸುವಂತಿಲ್ಲ, ಒಂದೇ ವೇಗದಲ್ಲೂ ಓಡಿಸುವಂತಿಲ್ಲ.

"ಅಂದ್ರೆ ಎಂ.ಜಿ. ರೋಡಲ್ಲಿ ಓಡಿಸಬಹುದು," ಎಂದ ಅಳಿಯ. "ಅಲ್ಲಿ ಎರಡೂ ಆಗೋಲ್ಲ."

ಮಾವ ನಗಲಿಲ್ಲ. ಗೋಡೆಯ ಮೊಳೆಯಿಂದ ಹಳೇ ನೋಟುಪುಸ್ತಕ ತೆಗೆದು, ತಮ್ಮ ಕಾರಿನ ಇಪ್ಪತ್ನಾಲ್ಕು ಅಳತೆಗಳಿದ್ದ ಹಾಳೆ ತೋರಿಸಿ, ಪಕ್ಕದ ಖಾಲಿ ಪುಟದಲ್ಲಿ ಗೆರೆ ಎಳೆಯತೊಡಗಿದರು. ಪೆಟ್ಟಿಗೆಯಿಂದ ಮೈಕ್ರೊಮೀಟರ್ ಬಂತು. ಅದು ಸೊನ್ನೆಯನ್ನು ಸರಿಯಾಗಿ ತೋರಿಸುತ್ತಿದೆಯೇ ನೋಡುವುದನ್ನು ಮೊದಲು ಕಲಿಸಿದರು.

"ಡೀಸೆಲ್ ಎಷ್ಟು ತರ್ಲಿ ಮಾವ?"

"ಅರ್ಧ ಲೀಟರ್ ಸಾಕು. ಹಾಗೇ ಹೋಗ್ತಾ ಆ ಬ್ಯಾಟರಿ ವಾರಂಟಿ ಚೀಟಿ ಮೇಲೆ ತಾರೀಕು ಹಾಕ್ಬೇಡ ಅಂತ ಅಂಗಡಿಯವನಿಗೆ ಹೇಳು. ಅದು ಬೇಕಾಗೋದು ದೀಪಾವಳಿ ಹೊತ್ತಿಗೆ."